ಅಜ್ಜಿಗೂ ಇಂಗ್ಲಿಷ್ ಪಾಠ

ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆ ಈಗ ಕನಸಿನಲ್ಲೇ ನಡೆಯುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಮಲಗಿ ಕನಸಿನಲ್ಲೂ ಇಂಗ್ಲಿಷನ್ನೇ ಆಡಬೇಕು; ಬೇರೆ ಭಾಷೆ ಬಾಯಿಗೆ ಬಂದರೆ ಫೇಲು. ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿದ್ದ ನರ್ಸ್ ದಾಕ್ಷಾಯಿಣಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ತೀರಿಹೋದ ಅಜ್ಜಿ, ಅವ್ವನ ತಾಯಿ, ಕನಸಿಗೆ ಬಂದು, "ಊಟ ಆತೇನವಾ?" ಎಂದಿದ್ದಳು. ಇವಳು "ಆತು, ಆಯಿ" ಎಂದೊಡನೆ ಮೇಲ್ವಿಚಾರಕಿ ತಟ್ಟಿ ಎಬ್ಬಿಸಿದ್ದಳು.

ಅಜ್ಜಿಗೆ ಬರಬೇಡವೆನ್ನಲು ಮನಸ್ಸಾಗಲಿಲ್ಲ. ಆರು ತಿಂಗಳು ದಿನಾ ಮಧ್ಯಾಹ್ನ ಮಲಗಿ, ಕನಸಿನಲ್ಲಿ ಅಜ್ಜಿಗೇ ಇಂಗ್ಲಿಷ್ ಕಲಿಸಿದಳು.

"ಇದ್ದಾಗ ಸಾಲಿ ಕಟ್ಟಿ ಹತ್ತಲಿಲ್ಲ, ಈಗ ಕಲಿಯಾಕ ಹತ್ತೇನಿ ನೋಡು!" ಎಂದು ಅಜ್ಜಿ ನಗುತ್ತಿದ್ದಳು. ಮೂರನೇ ಪರೀಕ್ಷೆಯಲ್ಲಿ ಇಬ್ಬರೂ ಇಂಗ್ಲಿಷಿನಲ್ಲೇ ಹರಟಿದರು.

ಇಂದು ಲಕೋಟೆ ಬಂತು. ಒಡೆದು ನೋಡಿದ ದಾಕ್ಷಾಯಿಣಿ ಕುಣಿದಾಡಿದಳು.

"ಅವ್ವಾ, ಪಾಸಾದ್ನಿ! ಒಂಬತ್ತಕ್ಕ ಏಳು!"

ಅವ್ವ ಲಕೋಟೆಯಿಂದ ಜಾರಿದ ಇನ್ನೊಂದು ಸರ್ಟಿಫಿಕೇಟನ್ನು ಎತ್ತಿಕೊಂಡಳು.

"ಏ, ಇದರಾಗ ನಮ್ಮವ್ವನ ಹೆಸರೈತಿ! ಎಂಟು ಬಂದೈತಿ!"