ವಡೆ ಪೊಟ್ಟಣಕ್ಕೆ ಹೋದ ಹುಲಿ

ನನಗೆ ಆಗ ಒಂಬತ್ತು ವರ್ಷ, ಅರವತ್ತೈದು ವರ್ಷದ ಹಿಂದಿನ ಮಾತು. ಈಗ ಮೊಮ್ಮಗಳು ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ತಾನು ಓದುತ್ತಿದ್ದ ಮಕ್ಕಳ ಪತ್ರಿಕೆಗಳನ್ನು ಅಟ್ಟದಿಂದ ಇಳಿಸಿ, ಮೂಸಿ, ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ಆ ವಾಸನೆಗೆ ಕಾದ ಎಣ್ಣೆ ನೆನಪಾಗುತ್ತದೆ.

ಮದರಾಸಿನ ಪೆರಂಬೂರಿನ ಹೋಟೆಲಿನಲ್ಲಿ ಅಪ್ಪ ವಡೆ ಕರಿಯುತ್ತಿದ್ದರು. ಪೊಟ್ಟಣ ಕಟ್ಟಲು ತೂಕಕ್ಕೆ ತಂದ ಹಳೆ ಪತ್ರಿಕೆಗಳ ಹಾಳೆ ಹರಿದುಕೊಡುವುದು ನನ್ನ ಕೆಲಸ. ಅವತ್ತು ಮಧ್ಯಾಹ್ನ ಕೈಗೆ ಮಕ್ಕಳ ಪತ್ರಿಕೆಯೊಂದು ಬಂತು. ಅದರ ಕಥೆಯಲ್ಲಿ ಹುಡುಗಿಯೊಬ್ಬಳು ಹುಲಿಯ ಗುಹೆಗೆ ನುಗ್ಗಿದ್ದಳು. ನಾನು ಅಕ್ಷರ ಕೂಡಿಸಿಕೊಂಡು ಅಷ್ಟು ಓದುವುದರೊಳಗೆ, ಕಥೆಯ ಕೊನೆಯ ಹಾಳೆ ಎಳೆದು ಅಪ್ಪ ಎದುರು ಮನೆಯ ಮಾಮಿಗೆ ವಡೆ ಸುತ್ತಿಕೊಟ್ಟಿದ್ದರು.

"ಅಪ್ಪ, ಆ ಹುಲಿ ಎಂತ ಮಾಡ್ತು?"

"ಮಾಮಿ ಮನೇಲಿ ವಡೆ ತಿಂತಾ ಉಂಟು. ನೀನು ಹಾಳೆ ಹರಿ."

ಕೂತಲ್ಲಿ ಕೂರಲಾಗದೆ ಸಂಜೆ ಮಾಮಿಯ ಬಾಗಿಲಿಗೆ ಹೋದೆ. "ಓದಿ ಒಲೆಗೆ ಹಾಕ್ದೆ. ಕೊನೇಲಿ ಏನೋ ಆಯ್ತು, ಮರ್ತೋಯ್ತು ಪೋ," ಎಂದರು. ರಾತ್ರಿಯಿಡೀ ಹೊರಳಾಡಿದೆ.

ಮರುದಿನ ಬೆಳಗ್ಗೆ ಮಾಮಿಯ ಪೊಟ್ಟಣಕ್ಕೆ ಇನ್ನೊಂದು ಕಥೆಯ ಮೊದಲ ಹಾಳೆ ಕೊಟ್ಟೆ. ಕೊನೆಯದನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರೇ ಕೇಳಿಕೊಂಡು ಬರಲಿ ಎಂದು ಎದುರು ಬಾಗಿಲು ನೋಡುತ್ತ ಕುಳಿತೆ.