ಒಣಗದ ತೇಪೆ

ಹೋದ ವರ್ಷ ಅಲೆಗೆ ಮಗುಚಿ ಗುಲಾಬಿಯ ಗಂಡನ ಅಣ್ಣನನ್ನು ಬಲಿ ತೆಗೆದುಕೊಂಡ ಹಳೆಯ ಫೈಬರ್ ಮೋಟಾರು ದೋಣಿ ಅದು. ಕಡಲಿಗೆ ಹೆದರಿ ಕೂತಿದ್ದಾನೆಂದು ಊರವರು ಆಡಿಕೊಂಡ ಮೇಲೆ ಗಂಡ ಅದನ್ನು ಅಂಗಳಕ್ಕೆ ತರಿಸಿ ರಿಪೇರಿಗೆ ಕೂತಿದ್ದ. ಅದು ಮತ್ತೆ ನೀರಿಗಿಳಿಯುವುದು ಗುಲಾಬಿಗೆ ಬೇಡವಾಗಿತ್ತು. ತೇಪೆ ಹಾಕುವ ರೆಸಿನ್ ಅಂಟು ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರನ್ನು ಅವಳು ಕದ್ದು ಚೆಲ್ಲಿ, ಬಾಟಲಿಗೆ ನೀರು ತುಂಬಿಟ್ಟಿದ್ದಳು. ಹಚ್ಚಿದ ತೇಪೆ ವಾರಗಟ್ಟಲೆ ಅಂಟಂಟಾಗಿಯೇ ಉಳಿದಿತ್ತು.

ಪಕ್ಕದ ಮನೆಯ ಶೀನ ಬಂದವನು ತೇಪೆಗೆ ಬೆರಳಿಟ್ಟು ನಕ್ಕ.

"ಎಂತ ಮಾರಾಯ, ದೋಣಿಗೆ ಹಲಸಿನ ಮೇಣ ಮೆತ್ತಿದ್ದೀಯಾ? ನಿನ್ನ ಹಾರ್ಡನರ್ ಹಾಳಾಗಿದೆ. ನಾಳೆ ನಾನೇ ಹೊಸದು ತಂದು ಹಚ್ಚಿಕೊಡ್ತೇನೆ. ನಾಡಿದ್ದು ಕಡಲಿಗೆ!"

ಗಂಡ ಹೂಂಗುಟ್ಟಿದ.

ಶೀನ ಅತ್ತ ಹೋದದ್ದೇ ತಡ, ಗುಲಾಬಿ ಗಂಡನ ಕೈ ಹಿಡಿದುಕೊಂಡಳು.

"ಬೈದ್ರೆ ಬೈಯಿರಿ, ಹೊಡೆದ್ರೆ ಹೊಡೀರಿ. ಅದು ಹಾಳಾದದ್ದಲ್ಲ. ನಾನೇ ಚೆಲ್ಲಿ ನೀರು ತುಂಬಿಸಿಟ್ಟದ್ದು. ನೀವು ಕಡಲಿಗೆ ಹೋಗುದು ಬೇಡ ಮಾರಾಯ್ರೆ."

ಗಂಡ ಹಾರ್ಡನರ್ ಬಾಟಲಿಯನ್ನು ಕೈಗೆತ್ತಿಕೊಂಡ.

"ನೀನು ಚೆಲ್ಲಿದ್ದೂ ನೀರೇ," ಅಂದ. "ಹಾರ್ಡನರನ್ನು ನಾನು ತಂದ ದಿನವೇ ಚೆಲ್ಲಿದ್ದೆ."