ಈ ಕಾಲಿಗೆ ಇವತ್ತು

"ಈ ಹುಡುಗಿಯ ಕಾಲಿಗೆ ಯಾವ ವ್ಯಾಯಾಮ, ಫ್ರಂಟ್ ಸ್ಕ್ವಾಟೋ, ಬ್ಯಾಕ್ ಸ್ಕ್ವಾಟೋ? ಬೇಗ ಹೇಳಿ ಮೇಡಂ," ಎಂದರು ಪರೀಕ್ಷಕರು, ಆಕಳಿಸುತ್ತ. ವೇಟ್‌ಲಿಫ್ಟಿಂಗ್ ಕೋಚ್ ಸರ್ಟಿಫಿಕೇಟಿನ ಪರೀಕ್ಷೆಗೆ ಬಂದವರಲ್ಲಿ ಕೋಚಕ್ಕನೇ ಕೊನೆಯವಳು. ಸರ್ಟಿಫಿಕೇಟು ಇಲ್ಲದಿದ್ದರೂ ಜಿಮ್ಮಿನ ಹುಡುಗರ ಬಾಯಲ್ಲಿ ಅವಳು ಕೋಚಕ್ಕ. ಎದುರಿಗೆ, ಭಾರ ಎತ್ತಿ ತೋರಿಸಲೆಂದು ಕರೆಸಿದ್ದ ಹುಡುಗಿ ನಿಂತಿದ್ದಳು. ಬಂದವರೆಲ್ಲ ತಮ್ಮ ಜಾಣತನ ತೋರಿಸಲು ಬೆಳಗ್ಗೆಯಿಂದ ಅವಳನ್ನೇ ಕೂರಿಸಿ ಎಬ್ಬಿಸಿದ್ದರು.

ಉತ್ತರ ಕೋಚಕ್ಕನ ನಾಲಿಗೆಯ ತುದಿಯಲ್ಲೇ ಇತ್ತು: ಫ್ರಂಟ್ ಸ್ಕ್ವಾಟ್; ಕಬ್ಬಿಣದ ಬಾರನ್ನು ಎದೆಯ ಮುಂದೆ ಹೊತ್ತು ಕೂತೇಳುವುದರಿಂದ ಬೆನ್ನು ನೆಟ್ಟಗಿರುತ್ತದೆ. ಕಳೆದ ಸಲ ಮಾತೇ ಹೊರಡದೆ ಫೇಲಾಗಿದ್ದಳು. ಈ ಸಲವೂ ಹೋದರೆ ಜಿಮ್ಮಿನವರು ಅವಳ ಬ್ಯಾಚನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಅಷ್ಟರಲ್ಲಿ ಹುಡುಗಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಸ್ಟ್ಯಾಂಡಿನ ಮೇಲಿದ್ದ ಬಾರಿಗೆ ಒರಗಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿದಳು. ಆ ಕಾಲೂ ನಡುಗುತ್ತಿತ್ತು.

ಕೋಚಕ್ಕ ಹೋಗಿ ಬಾರಿನ ಭಾರದ ಪ್ಲೇಟುಗಳನ್ನು ಒಂದೊಂದಾಗಿ ಇಳಿಸತೊಡಗಿದಳು. "ಬೇಡ ಅಕ್ಕ, ಇನ್ನೊಂದ್ಸಲ ಮಾಡ್ತೀನಿ, ನಿಮ್ಮ ಮಾರ್ಕ್ಸ್ ಹೋಗುತ್ತೆ," ಎಂದು ಹುಡುಗಿ ಪಿಸುಗುಟ್ಟಿದಳು. ಕೋಚಕ್ಕ ಬೆಂಚು ಎಳೆದು ಅವಳನ್ನು ಕೂರಿಸಿದಳು. ಆಮೇಲೆ ತನ್ನ ಹಳೇ ಮಂಡಿಗಳನ್ನು ಬೈದುಕೊಳ್ಳುತ್ತ ನೆಲಕ್ಕೆ ಕೂತು, ಹುಡುಗಿಯ ಒಂದು ಕಾಲಿನ ಶೂ ಪಟ್ಟಿ ಬಿಚ್ಚಿದಳು.

"ಮೇಡಂ, ನಾನು ಕೇಳಿದ್ದು ಕಾಲಿನ ವ್ಯಾಯಾಮ."

"ಅದನ್ನೇ ಹೇಳ್ತಿದ್ದೀನಿ ಸಾರ್," ಎಂದಳು ಕೋಚಕ್ಕ, ತಲೆ ಎತ್ತದೆ. "ಈ ಕಾಲಿಗೆ ಇವತ್ತು ಇಷ್ಟೇ."

ಪರೀಕ್ಷಕರು ಮಾರ್ಕ್ಸ್ ಹಾಕಲು ಪೆನ್ನು ತೆಗೆದರು. ಹುಡುಗಿ ಅವರ ಮುಖ ನೋಡಿದಳು. ನೋಡುತ್ತಲೇ, ಯಾರೂ ಕೇಳದಿದ್ದರೂ, ಇನ್ನೊಂದು ಕಾಲನ್ನೂ ಕೋಚಕ್ಕನ ಮುಂದೆ ಚಾಚಿದಳು.